ವ್ಯಾನಿನ ಎಡ ಇಂಡಿಕೇಟರ್ ದೀಪದವರ ದಿವ್ಯ ಸನ್ನಿಧಾನಕ್ಕೆ

ಇವರಿಗೆ:
ನಮ್ಮ ವ್ಯಾನಿನ ಹಿಂಬದಿಯ ಎಡ ಮೂಲೆಯಲ್ಲಿ ವಿರಾಜಮಾನರಾಗಿರುವ, ಕಿತ್ತಳೆ ವರ್ಣದ, ಅಂಚಿನಲ್ಲಿ ಕೊಂಚ ಬಿರುಕು ಬಿಟ್ಟಿರುವ ಇಂಡಿಕೇಟರ್ ದೀಪದವರು

ಮಾನ್ಯರೇ,

ತಾವು ಕ್ಷೇಮವಾಗಿ ಮಿನುಗುತ್ತಿರುವಿರೆಂದು ನಂಬಿ, ತಮ್ಮ ಗಾಜಿನ ಮೇಲಿನ ಕೆಸರನ್ನು ಒರೆಸಿದ ಕೈಯಿಂದಲೇ ಈ ಬಹಿರಂಗ ಪತ್ರವನ್ನು ಬರೆಯುತ್ತಿದ್ದೇನೆ. ದೂರಿಗೆ ಮೊದಲು ಒಂದು ತಪ್ಪೊಪ್ಪಿಗೆ. ಕಳೆದ ಶನಿವಾರ ಪೆಟ್ರೋಲ್ ಬಂಕಿನಲ್ಲಿ ಎಲ್ಲರೂ ಸೊಂಟ ನೆಟ್ಟಗೆ ಮಾಡಿಕೊಳ್ಳಲು ಇಳಿದಿದ್ದಾಗ, ವ್ಯಾನಿನ ಮುಂಬದಿಯ ಎಡ ಇಂಡಿಕೇಟರಿನ ಬಲ್ಬನ್ನು, ಅಂದರೆ ತಮ್ಮ ತಮ್ಮನನ್ನು, ಸ್ಕ್ರೂಡ್ರೈವರಿನಿಂದ ಅಪಹರಿಸಿ ಕಾಲುಚೀಲದಲ್ಲಿ ಸುತ್ತಿ ಜೇಬಿಗಿಳಿಸಿದವನು ನಾನೇ. ಆ ಕಾಲುಚೀಲ ಒಗೆದದ್ದಾಗಿರಲಿಲ್ಲ ಎಂಬ ಇನ್ನೂ ಘೋರವಾದ ಸಂಗತಿಯನ್ನೂ ನಾನು ಮುಚ್ಚಿಡುವುದಿಲ್ಲ. ಆದರೆ ಈ ಪಾಪಕ್ಕೆ ನನ್ನನ್ನು ದೂಡಿದವರು ತಾವೇ ಎಂಬುದನ್ನು ವಿನಯಪೂರ್ವಕವಾಗಿ ರುಜುವಾತುಪಡಿಸಲು ಅಪ್ಪಣೆಯಾಗಬೇಕು.

ಹಿಂದೆಯೇ ಇರುವ ತಮಗೆ ಗಾಡಿಯೊಳಗಿನ ಜನರ ಪರಿಚಯ ಅಷ್ಟಾಗಿ ಇರಲಾರದು. ನಮ್ಮದು ಊರೂರು ಸುತ್ತುವ ಪುಟ್ಟ ರಾಕ್ ಬ್ಯಾಂಡು. ರಾಕ್ ಎಂದರೆ ಬಂಡೆ ಎಂದಿಟ್ಟುಕೊಂಡರೆ, ಬಂಡಿ ಹತ್ತಿದ ಬಂಡೆ. ಹಾಡುವವಳು ನನ್ನ ಅಕ್ಕ, ಗಿಟಾರು ನನ್ನ ಭಾವ, ಡ್ರಮ್ಮು ನಾನು, ಗಾಡಿಯ ಯಜಮಾನರೂ ಚಾಲಕರೂ ನಮ್ಮ ಸೋದರಮಾವ. ಈ ವ್ಯಾನು ಪೂರ್ವಾಶ್ರಮದಲ್ಲಿ ಬೇಕರಿಯ ಬ್ರೆಡ್ಡು ಸಾಗಿಸುತ್ತಿತ್ತು. ಅದರ ಪಕ್ಕೆಯ ಮೇಲೆ ‘ದಿನವೂ ತಾಜಾ’ ಎಂಬ ಅಕ್ಷರಗಳು ಎಷ್ಟು ಉಜ್ಜಿದರೂ ಹೋಗದ ಕಾರಣ, ಒಂದು ಊರಿನ ಸಂಘಟಕರು ಅದೇ ನಮ್ಮ ಬ್ಯಾಂಡಿನ ಹೆಸರೆಂದುಕೊಂಡು ಪೋಸ್ಟರು ಹೊಡೆಸಿಬಿಟ್ಟರು. ಅಂದಿನಿಂದ ನಾವು ದಿನವೂ ತಾಜಾ. ಮೂರು ದಿನದ ಅಂಗಿಯಲ್ಲಿದ್ದರೂ ತಾಜಾ.

ಗಾಡಿಯಲ್ಲಿ ಆಸನವ್ಯವಸ್ಥೆ ಯೋಗ್ಯತೆಯ ಪ್ರಕಾರ ಇದೆ. ಗಂಟಲಿಗೆ ಗಾಳಿ ಬಡಿಯಬಾರದೆಂದು ಅಕ್ಕ ಮುಂದೆ. ನಡುವೆ ಭಾವ ಮತ್ತು ಗಿಟಾರು, ಅದರಲ್ಲಿ ಸೀಟ್ ಬೆಲ್ಟು ಗಿಟಾರಿಗೆ. ಕೊನೆಯಲ್ಲಿ ನಾನು, ದೊಡ್ಡ ಡ್ರಮ್ಮಿನೊಳಗೆ ಕಾಲು ತೂರಿಸಿಕೊಂಡು, ಕಿಟಕಿಯಿಂದಾಚೆ ಕೋಲಿಗೆ ಕಟ್ಟಿದ ನಾಲ್ವರ ಕಾಲುಚೀಲಗಳನ್ನು ಒಣಗಿಸುತ್ತಾ. ಉಳಿದುಕೊಳ್ಳುವ ಕೋಣೆಗಳಲ್ಲಿ ಗೋಡೆಗೊಂದೇ ಪ್ಲಗ್ಗು. ಅಕ್ಕನ ಹಬೆಯ ಪಾತ್ರೆ, ಭಾವನ ಗಡ್ಡದ ಯಂತ್ರ, ಮಾವನ ಫೋನು, ಎಲ್ಲ ಸರದಿಯಲ್ಲಿ ನಿಂತು ಮುಗಿಯುವ ಹೊತ್ತಿಗೆ ಕೋಣೆ ಖಾಲಿ ಮಾಡುವ ಹೊತ್ತಾಗಿರುತ್ತದೆ. ಇಷ್ಟಿದ್ದರೂ, ಬೆಳಿಗ್ಗೆ ವ್ಯಾನಿನ ಬಾಗಿಲು ಜಾರಿಸಿದಾಗ ಹಳೆಯ ಬ್ರೆಡ್ಡಿನ ಪರಿಮಳ ಮೂಗಿಗೆ ಬಡಿಯುತ್ತದಲ್ಲ, ಆಗ ಈ ಹಿಂದಿನ ಸೀಟನ್ನು ಯಾವ ಸಿಂಹಾಸನಕ್ಕೂ ಬಿಟ್ಟುಕೊಡಲಾರೆ ಅನ್ನಿಸುತ್ತದೆ. ಕಾಲೇಜಿನಲ್ಲಿ ಪದವಿ ಪಡೆದ ನನಗೆ ಇಡೀ ಭೂಮಿಯ ಮೇಲೆ ಸಿಕ್ಕಿರುವ ಏಕೈಕ ಪದವಿ ಅದು.

ಈಗ ತಮ್ಮ ವಿಷಯ. ನಮ್ಮ ಮಾವ ಎಡಕ್ಕೆ ತಿರುಗುವಾಗ ತಮ್ಮನ್ನು ಎಬ್ಬಿಸುತ್ತಾರೆ, ತಿರುಗಿದ ಮೇಲೆ ಮಲಗಿಸಲು ಮರೆಯುತ್ತಾರೆ. ಹೀಗಾಗಿ ಹಿಂದೆ ಬರುವ ಸಭ್ಯ ಚಾಲಕರೆಲ್ಲ, ಈ ಬ್ರೆಡ್ಡಿನ ಗಾಡಿ ಇನ್ನೇನು ಎಡಕ್ಕೆ ತಿರುಗುತ್ತದೆ ಎಂಬ ಭರವಸೆಯಲ್ಲಿ ಊರಿಂದ ಊರಿಗೆ ನಮ್ಮ ಬೆನ್ನಿಗೇ ಬರುತ್ತಾರೆ. ದಾರಿಯುದ್ದಕ್ಕೂ ತಾವು ಟಿಕ್ಕು, ಟಕ್ಕು. ಅಭ್ಯಾಸಕ್ಕೆ ಬೇರೆ ಜಾಗವಿಲ್ಲದ ನಾನು ಮುಂದಿನ ಸೀಟಿನ ಬೆನ್ನಿಗೆ ಕೋಲಿನಲ್ಲಿ ಬಾರಿಸುತ್ತಾ ಬರುತ್ತೇನೆ. ನಾನು ಹುಟ್ಟಾ ಲಯಜ್ಞಾನಿ. ತಮ್ಮ ಬಡಿತಕ್ಕೂ ನನ್ನ ಹೊಡೆತಕ್ಕೂ ಹೊಂದಿಕೆಯಾದದ್ದು ಬರೀ ಕಾಕತಾಳೀಯ. ಅದರಲ್ಲಿ ಕಾಕ ತಾವು, ತಾಳ ನಾನು.

ಈ ಸಲದ ಸುತ್ತಾಟದ ಮೊದಲ ಕಾರ್ಯಕ್ರಮಗಳಲ್ಲಿ ನಮ್ಮ ಹಾಡುಗಳು ಒಂದಿಷ್ಟು ನಿಧಾನವಾದವು ಎಂಬ ಆಪಾದನೆ ಬಂತು. ಎದುರು ಸಾಲಿನ ಹಿರಿಯರೊಬ್ಬರು ಒಂದು ಹೊಡೆತಕ್ಕೂ ಇನ್ನೊಂದಕ್ಕೂ ನಡುವೆ, ಹಾಡು ಮುಗಿಯಿತೆಂದು ತಿಳಿದು ಕೋಟು ಹಾಕಿಕೊಂಡು ಹೊರಟೇಬಿಟ್ಟರು. ಅಕ್ಕ ಗಾಡಿಯಲ್ಲಿ, “ತಮ್ಮಾ, ನೀನು ಡ್ರಮ್ಮು ಬಾರಿಸ್ತಿದ್ದೀಯೋ, ಯಾರದೋ ಬಾಗಿಲು ತಟ್ತಿದ್ದೀಯೋ? ಒಳಗೆ ಯಾರೂ ಇಲ್ಲ ಕಣೋ, ಬಿಟ್ಟುಬಿಡು” ಎಂದಳು. ಲಯ ಎಂಬ ಪದಕ್ಕೆ ತಾಳವೆಂದೂ ಅರ್ಥವಿದೆ, ನಾಶವೆಂದೂ ಇದೆ; ಅಕ್ಕ ನನ್ನಲ್ಲಿ ಕಾಣುವುದು ಎರಡನೆಯದನ್ನೇ.

ಆಮೇಲೊಂದು ದಿನ ಪವಾಡ ನಡೆಯಿತು. ಮುಂಬದಿಯ ಬಲ್ಬು, ತಮ್ಮ ತಮ್ಮ, ತಾನಾಗಿಯೇ ಸುಟ್ಟುಹೋದ. ತಾವು ಇದ್ದಕ್ಕಿದ್ದಂತೆ ಎರಡರಷ್ಟು ವೇಗದಲ್ಲಿ ಹೊಡೆದುಕೊಳ್ಳತೊಡಗಿದಿರಿ. “ಜೋಡಿಯಲ್ಲಿ ಒಂದು ಹೋದರೆ ಇನ್ನೊಂದಕ್ಕೆ ಗಾಬರಿ ಜಾಸ್ತಿ, ಮನುಷ್ಯರ ಥರಾನೇ” ಎಂದು ಮಾವ ವಿವರಿಸಿದರು. ಆ ಸಂಜೆ ನಮ್ಮ ಹಾಡುಗಳು ಹೇಗೆ ಓಡಿದವೆಂದರೆ, ಜನ ಕುರ್ಚಿಗಳನ್ನು ಗೋಡೆಗೆ ತಳ್ಳಿ ಕುಣಿದರು; ಭಾವನ ಕನ್ನಡಕ ಹಾರಿ ಯಾರದೋ ಕಾಫಿಗೆ ಬಿತ್ತು. ಮರುದಿನ ಮಾವ ಹೊಸ ಬಲ್ಬು ಹಾಕಿಸಿದರು, ನಾವು ಮತ್ತೆ ಯಾರದೋ ಬಾಗಿಲು ತಟ್ಟತೊಡಗಿದೆವು.

ಆಗಲೇ ಭಾವ ಅಂಗಡಿಯೊಂದರಲ್ಲಿ ಆ ಪೆಟ್ಟಿಗೆಯನ್ನು ನೋಡಿಬಂದದ್ದು. ಅಂಗೈಯಷ್ಟಗಲ, ಗುಂಡಿ ಒತ್ತಿದರೆ ತಾನೇ ಡ್ರಮ್ಮು ಬಾರಿಸುತ್ತದೆ. “ಊಟ ಬೇಡ, ಹಾಸಿಗೆ ಬೇಡ, ಗೊರಕೆ ಇಲ್ಲ” ಎಂದು ಭಾವ ವಧುವಿನ ಗುಣ ಹೇಳಿದ ಹಾಗೆ ಹೇಳಿದರು. ಅಕ್ಕ ನನ್ನ ಮುಖ ನೋಡದೆ, ಕಿಟಕಿಯಾಚೆ ನೋಡುತ್ತಾ, “ಶನಿವಾರ ದೊಡ್ಡ ಸಭಾಂಗಣ. ಮ್ಯಾನೇಜರಿಗೆ ಹಿಡಿಸಿದರೆ ಮುಂದಿನ ವರ್ಷವೂ ಕರೀತಾರೆ. ಅವತ್ತೂ ಎಳೆದೆ ಅಂದ್ರೆ, ನಿನ್ನ ಸೀಟಲ್ಲಿ ಪೆಟ್ಟಿಗೆ ಕೂರುತ್ತೆ ನೋಡು” ಎಂದಳು. ಅವಳು ತಮಾಷೆ ಮಾಡುವಾಗ ಕಿಟಕಿಯಾಚೆ ನೋಡುವುದಿಲ್ಲ, ಮಾನ್ಯರೇ. ನನಗೆ ಗೊತ್ತು.

ಹಾಗಾಗಿ ಪೆಟ್ರೋಲ್ ಬಂಕು, ಸ್ಕ್ರೂಡ್ರೈವರು, ಕಾಲುಚೀಲ. ಸಭಾಂಗಣಕ್ಕೆ ಬಂದವನೇ, “ಸಾಮಾನು ಇಳಿಸೋಕೆ ಸುಲಭ ಮಾವ” ಎಂದು ಪುಸಲಾಯಿಸಿ, ವ್ಯಾನಿನ ಹಿಂಬದಿ ವೇದಿಕೆಯ ಪಕ್ಕದ ಬಾಗಿಲಿಗೆ ನೇರವಾಗುವಂತೆ ಅವರಿಂದಲೇ ನಿಲ್ಲಿಸಿಕೊಂಡೆ. ಫೋನು ಚಾರ್ಜಾಗುತ್ತಿದೆ, ಕೀಲಿ ತೆಗೆಯಬೇಡಿ ಎಂದು ಹೇಳಿ ಅವರನ್ನು ಚಹಾಕ್ಕೆ ಕಳಿಸಿ, ತಮ್ಮನ್ನು ಎಬ್ಬಿಸಿದೆ. ಪರದೆಯ ಸಂದಿನಲ್ಲಿ ತಮ್ಮ ಕಿತ್ತಳೆ ಕಾಂತಿ ಗಾಬರಿಯಿಂದ ಮಿಟುಕುತ್ತಿತ್ತು. ಮೊದಲ ಹಾಡಿಗೇ ಜನ ಎದ್ದರು.

ಆದರೆ ಎರಡನೆಯದು ಅಕ್ಕ ತನ್ನ ಮಗುವನ್ನು ಮಲಗಿಸಲು ಕಟ್ಟಿದ ಹಾಡು. ಆ ವೇಗದಲ್ಲಿ ಹಾಡಿದರೆ ಮಲಗಿದ ಮಗು ಎದ್ದು ಓಡಿಹೋದೀತು. ಕೋಲು ಕೆಳಗಿಟ್ಟು ಎದ್ದೆ. “ಎಲ್ಲಿಗೋ?” ಎಂದಳು ಅಕ್ಕ ಮೈಕಿನಿಂದ ಮುಖ ತಿರುಗಿಸಿ. ನೀರಿಗೆ ಎಂದೆ. “ಬಾಟ್ಲಿ ನಿನ್ನ ಕಾಲಬುಡದಲ್ಲೇ ಇದೆಯಲ್ಲೋ!” ನಾನಾಗಲೇ ವ್ಯಾನಿನ ಮುಂದೆ ಮಂಡಿಯೂರಿ ತಮ್ಮ ತಮ್ಮನನ್ನು ಸ್ವಸ್ಥಾನದಲ್ಲಿ ಕೂರಿಸುತ್ತಿದ್ದೆ. ತಾವು ಶಾಂತರಾದಿರಿ, ಹಾಡು ಜೋಗುಳವಾಯಿತು. ಅದು ಮುಗಿದೊಡನೆ ಮತ್ತೆ ಓಟ, ಈ ಸಲ ಕೀಳಲು. ಅಷ್ಟು ಹೊತ್ತು ಉರಿದ ಬಲ್ಬು ಕೆಂಡವಾಗಿರುತ್ತದೆಂದು ಪಾಠ ಮಾಡುವವರು ಯಾರೂ ಇರಲಿಲ್ಲ. ಊದಿದ ಬೆರಳನ್ನು ಊದಿಕೊಳ್ಳುತ್ತಾ ಬಂದು ಕೂತೆ. ಇವನಿಗೇನೋ ಮೂತ್ರದ ತೊಂದರೆ ಇರಬೇಕೆಂದು ಸಭೆ ಮರುಗಿತು.

ಕೊನೆಯ ಹಾಡಿನ ನಟ್ಟನಡುವೆ ತಾವು ಮಾಡಿದ ಎಡವಟ್ಟೇ ನನ್ನ ದೂರಿನ ತಿರುಳು. ಯಾವುದೋ ಲಾರಿಗೆ ದಾರಿ ಬೇಕೆಂದು ಕಾವಲುಗಾರ ಕೇಳಿದನಂತೆ. ಮಾವ ಗಾಡಿ ಹತ್ತಿ ಹೊರಟರು. ತಾವು ಒಂದು ಮಾತೂ ಹೇಳದೆ, ಮಿಟುಕುತ್ತಲೇ, ಅವರ ಜೊತೆ ಹೊರಟುಹೋದಿರಿ! ಎಷ್ಟೋ ಊರುಗಳ ನಂತರ ತಾವು ತೋರಿಸಿದ ಕಡೆಗೇ ಗಾಡಿ ನಿಜವಾಗಿಯೂ ತಿರುಗಿದ್ದು ಅಂದೇ. ಪರದೆಯ ಸಂದಿನಲ್ಲಿ ಬರೀ ಕತ್ತಲು.

ಆದರೂ ನೋಡಿ, ನಾನು ಕೈಚೆಲ್ಲಲಿಲ್ಲ. ಕಣ್ಣು ಮುಚ್ಚಿದೆ, ಒಳಗಿನ ಲಯಕ್ಕೆ ಕಿವಿಗೊಟ್ಟೆ, ಬಾರಿಸಿದೆ. ಎಷ್ಟು ಹೊತ್ತು ಬಾರಿಸಿದೆನೋ ತಿಳಿಯದು. ಕಣ್ಣು ಬಿಟ್ಟಾಗ ಇಡೀ ಸಭಾಂಗಣ ಎದ್ದು ನಿಂತು ನನ್ನೊಬ್ಬನ ಜೊತೆ ಚಪ್ಪಾಳೆಯಲ್ಲಿ ತಾಳ ಹಾಕುತ್ತಿತ್ತು. ಅಕ್ಕ, ಭಾವ ವೇದಿಕೆಯನ್ನು ನನಗೇ ಬಿಟ್ಟುಕೊಟ್ಟಿದ್ದರು. ಅವಳು ಪಕ್ಕದಲ್ಲಿ ನಿಂತು ನೀರು ಕುಡಿಯುತ್ತಿದ್ದಳು, ಅವರು ವೈರು ಸುತ್ತುತ್ತಿದ್ದರು. ಎಂಥ ಔದಾರ್ಯ! ಮ್ಯಾನೇಜರು ನನ್ನ ಸುಟ್ಟ ಬೆರಳನ್ನೇ ಹಿಡಿದು ಕುಲುಕಿ, “ಆ ಕೊನೇದು ಇದೆಯಲ್ಲ, ಒಬ್ಬರೇ ಬಾರಿಸಿದ್ದು, ಮುಂದಿನ ವರ್ಷ ಅದನ್ನ ಇನ್ನೂ ಉದ್ದ ಮಾಡಿ” ಎಂದರು. ಪೆಟ್ಟಿಗೆ ಅಂಗಡಿಯಲ್ಲೇ ಉಳಿಯಿತು. ನನ್ನ ಸೀಟು ನನಗುಳಿಯಿತು.

ಹೀಗೆ ತಮ್ಮ ನೆರವಿಲ್ಲದೆಯೇ ನಾನು ತಾಳ ಬಲ್ಲೆನೆಂದು ಜಗತ್ತಿಗೇ ಸಾಬೀತಾಗಿರುವುದರಿಂದ, ತಮ್ಮನ್ನು ಲಯಸಂಬಂಧವಾದ ಎಲ್ಲ ಹೊಣೆಗಳಿಂದ ಗೌರವಪೂರ್ವಕವಾಗಿ ಬಿಡುಗಡೆ ಮಾಡುತ್ತಿದ್ದೇನೆ. ಇನ್ನು ಮುಂದೆ ತಾವು ಎಡಕ್ಕೆ ತಿರುಗುವಾಗ ಮಾತ್ರ ಮಿಟುಕಬೇಕು, ತಮ್ಮನಿರಲಿ ಬಿಡಲಿ ಗಾಬರಿಯಾಗಬಾರದು, ಮತ್ತು ಬಿಡುವಾದಾಗ ಒಂದಿಷ್ಟು ಮೂರರ ತಾಳವನ್ನೂ ಕಲಿಯಬೇಕು. ಅಕ್ಕ ಅಂಥದ್ದೊಂದು ಹಾಡು ಕಟ್ಟುತ್ತಿದ್ದಾಳೆಂದು ಸುದ್ದಿ. ಕಲಿತರೆ ನನ್ನ ಸೀಟಿನ ಪಕ್ಕಕ್ಕೆ ಬಂದು ಕೂರಲು ಅಡ್ಡಿಯಿಲ್ಲ, ಕಾಲುಚೀಲಗಳನ್ನು ಸರಿಸುತ್ತೇನೆ.

ಇಂತಿ, ಎಡಕ್ಕೂ ಬಲಕ್ಕೂ ನಡುವೆ ಸಿಕ್ಕಿಬಿದ್ದಿರುವ,
ತಮ್ಮ ವಿಶ್ವಾಸಿ,
ದಿನವೂ ತಾಜಾ ಡ್ರಮ್ಮರ್

ಮರೆತ ಮಾತು: ಪತ್ರ ಬಹಿರಂಗವಾದರೂ ಅಕ್ಕ ಓದಬಾರದೆಂಬುದು ಅಂತರಂಗದ ಆಸೆಯಾದ್ದರಿಂದ ಇದನ್ನು ಸಣ್ಣಕ್ಷರದಲ್ಲಿ ಬರೆಯುತ್ತಿದ್ದೇನೆ. ತಮ್ಮ ತಮ್ಮ ಇನ್ನೂ ನನ್ನ ಜೇಬಿನಲ್ಲೇ ಇದ್ದಾನೆ, ನಾಳೆಯೂ ಕಾರ್ಯಕ್ರಮವಿದೆ, ದಯಮಾಡಿ ಮೇಲಿನ ಬಿಡುಗಡೆಯ ಆದೇಶವನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ತಾವು ಹೊರಟುಹೋದಾಗ ನನಗೆ ಒಳಗಿನ ಲಯ ಗಿಯ ಏನೂ ಕೇಳಿಸಲಿಲ್ಲ. ಕಣ್ಣು ಮುಚ್ಚಿ ಸಿಕ್ಕಾಪಟ್ಟೆ ಬಡಿಯುತ್ತಿದ್ದೆ. ಆಗ ಎಲ್ಲಿಂದಲೋ ಗಟ್ಟಿಯಾದೊಂದು ತಾಳ ಕೇಳಿಸಿತು, ಬದುಕಿದೆಯಾ ಬಡಜೀವವೇ ಎಂದು ಅದನ್ನೇ ಹಿಡಿದುಕೊಂಡೆ. ಅದು ಜನರ ಚಪ್ಪಾಳೆ. ನಾನು ಅವರ ಚಪ್ಪಾಳೆಗೆ ಬಾರಿಸಿದೆ, ಅವರು ನನ್ನ ಬಾರಿಸುವಿಕೆಗೆ ಚಪ್ಪಾಳೆ ತಟ್ಟಿದರು, ಯಾರಿಗೂ ನಿಲ್ಲಿಸುವ ದಾರಿ ತಿಳಿಯಲಿಲ್ಲ. ಅವರಾದರೂ ಮೊದಲು ಕೈ ತಟ್ಟಿದ್ದು ಹಾಡು ಮುಗಿಯಿತೆಂದು. ಅದು ಮುಗಿದದ್ದು ನನಗೆ ಗೊತ್ತೇ ಆಗಿರಲಿಲ್ಲ.