ಮೂರು ಡಾಲ್ಫಿನ್‌ಗಳಿಂದ ಕಟ್ಟಿದ ನನ್ನ ಹಡಗು

ಹಡಗು ಕಟ್ಟುವುದು ಏನು ಮಹಾ ಎಂದು ನನಗೆ ಮೊದಲಿನಿಂದಲೂ ಅನ್ನಿಸಿತ್ತು. ನಿಜವಾದ ಹಡಗಲ್ಲ, ಒಂದು ಮೊಳದ ಮಾದರಿ. ಮರದ ಪಟ್ಟಿ, ಗೋಂದು, ದಾರ, ಹಾಯಿಗೆ ಹಳೇ ಪಂಚೆ. ಪರದೇಶದ ಈ ಕಡಲತೀರದ ಸೆಂಬವಾಂಗ್‌ನಲ್ಲಿ ಮನೆ ಮಾಡಿ ಇಷ್ಟು ವರ್ಷ ಸಮುದ್ರದ ಗಾಳಿ ಕುಡಿದವನಿಗೆ ಅಷ್ಟೂ ಬಾರದೇ?

ಕೆಣಕಿದವರು ನಮ್ಮ ಕಾಂಡೋ ಅಪಾರ್ಟ್‌ಮೆಂಟಿನ ಎದುರುಮನೆಯ ಶೆಟ್ಟರು. ಉಡುಪಿಯವರು, ತಂಜಾಂಗ್ ಪಗಾರ್‌ನಲ್ಲಿ ಬ್ಯಾಂಕ್ ಕೆಲಸ. "ಮೈಸೂರಿನವರಿಗೆ ಹಡಗು ಎಂತ ಗೊತ್ತು ಮಾರಾಯ್ರೆ? ನಿಮಗೆ ನೀರು ಅಂದ್ರೆ ಕೆರೆ!" ಎಂದರು. ನನ್ನ ರಕ್ತ ಕುದಿಯಿತು. ಅಲ್ಲೇ ಪಂದ್ಯ ಕಟ್ಟಿದೆವು. ಭಾನುವಾರ ಕನ್ನಡದವರೆಲ್ಲ ಸೇರುವಾಗ ಮಕ್ಕಳ ಈಜುಕೊಳದಲ್ಲಿ ನನ್ನ ಹಡಗು ತೇಲಬೇಕು. ಮುಳುಗಿದರೆ ಆ ಕೆರೆಯ ಮಾತನ್ನು ನಾನೇ ಎಲ್ಲರೆದುರು ಗಟ್ಟಿಯಾಗಿ ಹೇಳಬೇಕು. ಮೈಸೂರಿನ ಮಾನ ನನ್ನ ತಲೆಯ ಮೇಲೆ!

ಹಳೆಯ ಬ್ರಿಟಿಷ್ ನೌಕಾಪಡೆಯ ಹಾಯಿಹಡಗು 'ಡಾಲ್ಫಿನ್' ಆರಿಸಿಕೊಂಡೆ. ನೆಟ್‌ನಲ್ಲಿ ಆ ಹೆಸರಿಗೆ ರಾಶಿ ನಕ್ಷೆಗಳು ಸಿಕ್ಕವು. ಒಂದರಲ್ಲಿ ಒಡಲು ಮುದ್ದಾಗಿತ್ತು, ತೆಗೆದುಕೊಂಡೆ. ಇನ್ನೊಂದರಲ್ಲಿ ಹಾಯಿಕಂಬಗಳು ಭರ್ಜರಿ. ಮತ್ತೊಂದರಲ್ಲಿ ಫಿರಂಗಿಗಳು. ಒನ್-ನಾರ್ತ್ ಬಡಾವಣೆಯ ಆಫೀಸಿನಲ್ಲಿ ನಾನು ಕೋಡ್ ಬರೆಯುವುದೂ ಹೀಗೆಯೇ. ಇದುವರೆಗೆ ಯಾರೂ ಮುಳುಗಿಲ್ಲ.

ಶನಿವಾರ ನನ್ನ ಹೆಂಡತಿ ವಿದ್ಯಾ ನಕ್ಷೆಗಳನ್ನು ತಿರುವಿ ಹಾಕಿದಳು. "ರೀ, ಇವು ಬೇರೆ ಬೇರೆ ಹಡಗು ಕಣ್ರೀ! ಒಂದು ಹೋದ್ಮೇಲೆ ಹೊಸದಕ್ಕೆ ಅದೇ ಹೆಸರು ಇಡ್ತಿದ್ರಂತೆ. ಕೆಳಗಡೆ ಪುಟಾಣಿ ಹಡಗು, ಮೇಲೆ ದೊಡ್ಡ ಹಡಗಿನ ಕಂಬ!"

"ಒಂದೇ ಹೆಸರು ಅಂದ್ಮೇಲೆ ಒಂದೇ ಮನೆತನ ತಾನೆ?"

"ನಿಮ್ಮನೇಲಿ ತಾತನ ಹೆಸರು ಅಂತ ಮೂರು ಜನ ನರಸಿಂಹ ಇದೀರ. ಒಬ್ಬರ ಪ್ಯಾಂಟು ಇನ್ನೊಬ್ಬರಿಗೆ ಆಗತ್ತಾ?"

"ಯಾಕಾಗಲ್ಲ? ನಾನು ಹೈಸ್ಕೂಲ್ ಮುಗಿಸಿದ್ದೇ ದೊಡ್ಡಪ್ಪನ ಮಗ ನರಸಿಂಹನ ಪ್ಯಾಂಟಲ್ಲಿ!"

"ಅದಕ್ಕೇ ಫೋಟೋದಲ್ಲೆಲ್ಲ ಸೊಂಟ ಹಿಡ್ಕೊಂಡೇ ನಿಂತಿದೀರ. ಈಗ್ಲೂ ಟೈಮಿದೆ, ಕಂಬ ಕುಯ್ದು ಚಿಕ್ಕದು ಮಾಡ್ರೀ."

ಪ್ರಾಣ ಹೋದರೂ ಕುಯ್ಯುವುದಿಲ್ಲ ಎಂದೆ.

ಭಾನುವಾರ ಕೊಳದ ಸುತ್ತ ಜನ, ಎಲ್ಲರ ಕೈಯಲ್ಲೂ ಫೋನು. ಹಡಗನ್ನು ನೀರಿಗೆ ಬಿಟ್ಟೆ. ನಿಂತಿತು! ಚಪ್ಪಾಳೆ! ಆಮೇಲೆ ಸಣ್ಣದೊಂದು ಗಾಳಿ ಬೀಸಿತು. ನನ್ನ ಡಾಲ್ಫಿನ್ ಶೆಟ್ಟರ ಕಡೆಗೆ ಬಾಗಿ, ದೊಡ್ಡವರಿಗೆ ನಮಸ್ಕಾರ ಮಾಡುವಂತೆ ಉದ್ದಕ್ಕೆ ಮಲಗಿ, ತಳ ಸೇರಿತು.

"ಅಪ್ಪಾ, ಸಿಂಕ್ ಆಗೋಯ್ತು ಲಾ!" ಎಂದು ನನ್ನ ಮಗಳು ಇಲ್ಲಿನವರ ರಾಗದಲ್ಲಿ ಇಡೀ ಕಾಂಡೋಗೆ ಸಾರಿದಳು.

"ಹೇಳಿ ಮಾರಾಯ್ರೆ, ಎಲ್ಲರಿಗೂ ಕೇಳುವ ಹಾಗೆ!" ಎಂದರು ಶೆಟ್ಟರು.

"ಯಾಕ್ರೀ ಹೇಳ್ಬೇಕು? ಆ ಅಸಲಿ ಡಾಲ್ಫಿನ್‌ಗಳು ಏನು ಇವತ್ತಿಗೂ ತೇಲ್ತಾ ಇದಾವಾ? ಹಳೇದು ಹೋಗದೆ ಹೊಸದಕ್ಕೆ ಆ ಹೆಸರು ಹೇಗೆ ಬಂತು? ನನ್ನ ಮುಂದಿನ ಹಡಗಿಗೂ ಡಾಲ್ಫಿನ್ ಅಂತಲೇ ಹೆಸರು!"

ಹೀಗೆ ಘೋಷಿಸಿ, ಪಂಚೆ ಎತ್ತಿ ಕಟ್ಟಿ, ಹಡಗನ್ನು ಮೇಲೆತ್ತಲು ಕೊಳಕ್ಕೆ ಇಳಿದೆ. ಕಾಲು ಜಾರಿತು. ಮೊಣಕಾಲುದ್ದದ ನೀರು. ಅದರಲ್ಲೂ ಪೂರ್ತಿ ಮುಳುಗಿದೆ! ಕಣ್ಣು ಬಿಟ್ಟರೆ ಎದುರಿಗೆ ಶೆಟ್ಟರು ಚಾಚಿದ ಕೈ. ಎರಡೂ ಕೈಯಿಂದ ತಬ್ಬಿಕೊಂಡೆ.

"ಈಗಲಾದ್ರೂ ಒಪ್ತೀರಾ?"

"ಸಾಧ್ಯವೇ ಇಲ್ಲ!" ಎಂದು ಅಬ್ಬರಿಸಿದೆ. "ಮೊದಲು ಮೇಲಕ್ಕೆ ಎಳೀರಿ, ಆಮೇಲೆ ವಾದ ಮಾಡೋಣ. ಕೈ ಮಾತ್ರ ಬಿಡ್ಬೇಡಿ ಶೆಟ್ರೇ, ನಂಗೆ ಈಜು ಬರಲ್ಲ!"