‘ಗೂಡಿನ ಹುಲಿ’ಗೆ ಒಂದು ನಿಷ್ಠುರ ವಿಮರ್ಶೆ

ಕದಿರೇಶನ ಅಂದಿನ ಫಜೀತಿಗೆಲ್ಲ ಮೂಲ ಒಂದು ಲೋಟ ಟೀ. ಶುಕ್ರವಾರ ಬೆಳಿಗ್ಗೆ ಮಾಲೂರು ಸ್ಟೇಷನ್ ರಸ್ತೆಯ ಪೀರ್ ಸಾಬ್ ಅಂಗಡಿಯಲ್ಲಿ ಆಂಜಿ ಆ ಟೀಯನ್ನು ಅವನ ಕೈಗಿಟ್ಟು, ಬೆಂಗಳೂರು ರೈಲಿಗೆ ಹೊರಟವರಿಗೆಲ್ಲ ಕೇಳುವಂತೆ ಹೇಳಿದ: "ಕುಡಿಯಪ್ಪಾ ಕುಡಿ. ನಾಳೆ ನನ್ ಬಗ್ಗೇನೂ ‘ಕುಟುಂಬ ಸಮೇತ ನೋಡಬಹುದು’ ಅಂತ ಬರ್ದುಬಿಡು."

ಅಂಗಡಿಯೇ ಗೊಳ್ಳೆಂದು ನಕ್ಕಿತು.

ಇಬ್ಬರೂ ಕೈಗಾರಿಕಾ ಪ್ರದೇಶದ ಒಂದೇ ಕಂಪನಿಯಲ್ಲಿ ಕೆಲಸಕ್ಕಿದ್ದರು. ಆಂಜಿ ಫಿಟ್ಟರ್, ಕದಿರೇಶ ಸ್ಟೋರ್ ಕೀಪರ್. ಹಗಲೆಲ್ಲ ನಟ್ಟು ಬೋಲ್ಟುಗಳ ನಡುವೆ ಕೂತರೂ ಕದಿರೇಶ ಒಳಗೊಳಗೆ ಸಿನಿಮಾ ವಿಮರ್ಶಕ. ‘ಬಯಲು ವಾರ್ತೆ’ ಎಂಬ ವಾರಪತ್ರಿಕೆಗೆ ವರ್ಷಗಳಿಂದ ಬಿಟ್ಟಿಯಾಗಿ ವಿಮರ್ಶೆ ಬರೆಯುತ್ತಿದ್ದ. ಆದರೆ ಒಂದು ವಾರ ಥಿಯೇಟರಿನವರು ಪಾಸು ಕೊಟ್ಟಿರುತ್ತಿದ್ದರು, ಇನ್ನೊಂದು ವಾರ ಸಂಪಾದಕರು ಜಾಹೀರಾತು ತೆಗೆದುಕೊಂಡಿರುತ್ತಿದ್ದರು. ಹೀಗಾಗಿ ಎಂಥ ಸಿನಿಮಾಗೂ ಅವನ ಕೊನೆಯ ಸಾಲು ‘ಕುಟುಂಬ ಸಮೇತ ನೋಡಬಹುದು’ ಎಂಬುದೊಂದೇ ಆಗಿಬಿಟ್ಟಿತ್ತು.

ಹೋದ ತಿಂಗಳು ಬೆಂಗಳೂರಿನ ಒಂದು ವಿಮರ್ಶಾ ಶಿಬಿರಕ್ಕೆ ಹೋಗಿಬಂದ ಮೇಲೆ ಅವನಿಗೆ ಆ ಸಾಲು ನೆನೆಸಿಕೊಂಡರೆ ಮೈ ಉರಿಯುತ್ತಿತ್ತು. ಅಲ್ಲಿ ಗಡ್ಡದ ಮೇಷ್ಟ್ರೊಬ್ಬರು ಹೇಳಿದ್ದರು: ಕತೆ ಹೇಳಿ ಪುಟ ತುಂಬಿಸಬೇಡಿ. ಸಿನಿಮಾ ಏನು ಮಾಡಲು ಹೊರಟಿತ್ತು, ಎಲ್ಲಿ ಎಡವಿತು ಎಂದು ಕೂತು ಯೋಚಿಸಿ. ಮುಖಗಳನ್ನು ನೋಡಿ. ಎಂಥ ಕೆಟ್ಟ ಸಿನಿಮಾದಲ್ಲೂ ಎಲ್ಲೋ ಒಂದು ಕಡೆ ನಿಜ ಅಡಗಿರುತ್ತದೆ, ಅದನ್ನು ಹುಡುಕಿ ತೆಗೆಯುವುದೇ ವಿಮರ್ಶೆ. ಈ ಉಪದೇಶವನ್ನು ಕದಿರೇಶ ಮನೆಗೆ ಬಂದು ಹೆಂಡತಿ ಗಂಗಾಲಕ್ಷ್ಮಿಗೂ ದಿನಗಟ್ಟಲೆ ಕೊರೆದಿದ್ದ, ಪೇಪರಿನಿಂದ ತಲೆ ಎತ್ತದೆ.

"ನಗ್ರೋ, ನಗ್ರಿ," ಎಂದು ಅವನು ಲೋಟ ಕುಕ್ಕಿದ. "ಇವತ್ತು ‘ಗೂಡಿನ ಹುಲಿ’ ರಿಲೀಸು. ರಜಾ ಹಾಕಿ ಹೋಗ್ತಿದೀನಿ. ಯಾರ ಮುಖಾನೂ ನೋಡ್ದೆ ಬರೀತೀನಿ. ಒಂದೇ ಒಂದು ಮುಲಾಜಿನ ಮಾತು ಕಂಡ್ರೆ ಇನ್ಮೇಲೆ ಪೆನ್ನೇ ಹಿಡಿಯಲ್ಲ, ಆಯ್ತಾ?"

ಪೀರ್ ಸಾಬ್ ಟೀ ಸೋಸುತ್ತಿದ್ದವರು ಕೈ ತಡೆದು ನೋಡಿದರು. "ಅರೆ ಕದಿರೇಶಣ್ಣ, ಈ ಸಿನಿಮಾಗೆ ಯಾಕೆ ಶಪಥ? ಇದು ನಿಮ್ಮನೇದೇ ಸಿನಿಮಾ ಅಲ್ವಾ?"

ಕದಿರೇಶನಿಗೆ ರೇಗಿತು. ‘ಗೂಡಿನ ಹುಲಿ’ಯ ನಿರ್ಮಾಪಕ ಕೋದಂಡರಾಮಪ್ಪ ಇಟ್ಟಿಗೆ ಗೂಡುಗಳ ಮಾಲೀಕ. ಕದಿರೇಶ ಬಾಡಿಗೆಗಿದ್ದ ವಠಾರವೂ ಅವರದೇ. "ಬಾಡಿಗೆಗಿರೋದು ನಾನು ಪೀರ್ ಸಾಬ್. ನನ್ನ ಪೆನ್ನನ್ನ ಬಾಡಿಗೆಗೆ ಬಿಟ್ಟಿಲ್ಲ," ಎಂದವನೇ ದಡದಡ ನಡೆದುಬಿಟ್ಟ. ಪೀರ್ ಸಾಬ್ ಏನೋ ಹೇಳಲು ಬಾಯಿ ತೆರೆದವರು ಲೋಟ ತೊಳೆಯತೊಡಗಿದರು.

ಮನೆಯಲ್ಲಿ ವಿಮರ್ಶೆಯ ಮೊದಲ ಸಾಲು ಯೋಚಿಸುತ್ತ ಕೂತ. ಗಂಗಾಲಕ್ಷ್ಮಿ ಉಪ್ಪಿಟ್ಟಿನ ತಟ್ಟೆ ತಂದಿಟ್ಟು ಅಲ್ಲೇ ನಿಂತಳು.

"ಸಿನಿಮಾಗೆ ಹೋಗ್ತಿದೀರಂತೆ?"

"ಹೂಂ."

"ಮಧ್ಯ ಮಧ್ಯ ಫೋನ್ ನೋಡ್ಬೇಡ್ರಿ. ಪೂರ್ತಿ ನೋಡಿ. ಅಲ್ಲಾ, ನಾನೊಂದು ಮಾತು..."

"ಆಮೇಲೆ ಕಣೇ. ತಲೇಲೊಂದು ಸಾಲಿದೆ, ಹಾರೋಗುತ್ತೆ."

ಸಾಲು ಕೂತ ಮೇಲೆ ಅವನು ತಲೆ ಎತ್ತಿದ. ಅವಳಿರಲಿಲ್ಲ. ಉಪ್ಪಿಟ್ಟಿನ ಮೇಲೆ ಇನ್ನೊಂದು ತಟ್ಟೆ ಮುಚ್ಚಿತ್ತು.

ಥಿಯೇಟರಿನ ಮುಂದೆ ಜಾತ್ರೆ. ಕೋದಂಡರಾಮಪ್ಪ ಬಿಳಿ ಶರಟು, ಬಿಳಿ ಪಂಚೆಯಲ್ಲಿ ಸುಣ್ಣ ಹೊಡೆದ ಗೋಡೆಯ ಹಾಗೆ ಬಾಗಿಲಲ್ಲೇ ನಿಂತಿದ್ದರು. "ಏಮಯ್ಯಾ ಕದಿರೇಶ, ರಾ ರಾ. ನಿಂಗೆ ಸೋಫಾ ಸೀಟು ಇಡ್ಸಿದೀನಿ."

"ಟಿಕೆಟ್ ತಗೊಂಡಿದೀನಿ ಸಾರ್. ಮುಂದೇನೇ ಕೂರ್ತೀನಿ."

"ನಿನ್ನಿಷ್ಟ. ಎಲ್ಲಿ, ಮನೆಯೋರನ್ನ ಕರ್ಕೊಂಡ್ ಬರ್ಲಿಲ್ವಾ?"

"ಅವಳಿಗೆ ಸಿನಿಮಾ ಗಿನಿಮಾ ತಿಳಿಯಲ್ಲ ಸಾರ್."

ಕೋದಂಡರಾಮಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿ, "ಒಳ್ಳೆ ತಮಾಷೆ ಕಣಯ್ಯಾ ನಿಂದು," ಎಂದು ಒಳಗೆ ಬಿಟ್ಟರು. ಸಾಹುಕಾರರಿಗೆ ತನ್ನ ನಿಷ್ಠುರ ಈಗಲೇ ನಾಟಿದೆ ಎಂದು ಕದಿರೇಶನಿಗೆ ಖುಷಿಯಾಯಿತು.

ಸಿನಿಮಾ ಶುರುವಾಯಿತು. ಖರ್ಚು ಉಳಿಸಲು ಕೋದಂಡರಾಮಪ್ಪ ಊರವರನ್ನೇ ಹಾಕಿಕೊಂಡಿದ್ದರಿಂದ ತೆರೆಯ ಮೇಲಿದ್ದವರೆಲ್ಲ ಥಿಯೇಟರಿನಲ್ಲೂ ಇದ್ದರು. "ಅಗೋ ನಾನು!" "ಲೇ, ನಮ್ಮ ಮೇಕೆ ನೋಡ್ಲಾ!" ಎಂಬ ಕೂಗಿನಲ್ಲಿ ಮಾತುಗಳೇ ಕೇಳಿಸುತ್ತಿರಲಿಲ್ಲ. ನಾಯಕ ಕೋದಂಡರಾಮಪ್ಪನವರ ಅಳಿಯ ವೆಂಕಟ್. ಹೊಟ್ಟೆ ಬೆಲ್ಟಿನ ಮೇಲೆ ಕೂತಿದ್ದರೂ ಕಾಲೇಜಿಗೆ ಹೋಗುತ್ತಿದ್ದ. ಒಂದೊಂದು ಏಟಿಗೂ ಒಂದೊಂದು ಗೋಡೆ ಬೀಳುತ್ತಿತ್ತು, ಎಲ್ಲ ಸ್ವಂತ ಇಟ್ಟಿಗೆಯೇ. ಕೊನೆಗೆ ದೇವರ ವಿಗ್ರಹ ಖಳನಾಯಕನ ಮೇಲೆ ಉರುಳಬೇಕು. ಅದು ಉರುಳುವ ಬದಲು ಫ್ಯಾನ್ ಗಾಳಿಗೆ ತೇಲಿತು.

ಇದೆಲ್ಲದರ ನಡುವೆ, ಇಂಟರ್ವಲ್‌ಗೆ ಸ್ವಲ್ಪ ಮುಂಚೆ, ಒಂದು ದೃಶ್ಯ ಬಂತು. ಇಟ್ಟಿಗೆ ಗೂಡಿನ ಕೂಲಿ ಹೆಂಗಸೊಬ್ಬಳು, ತಲೆ ನರೆತಿದೆ, ಮುಖದ ತುಂಬ ಕೆಮ್ಮಣ್ಣು, ಸೆರಗು ತಲೆಗೆ ಸುತ್ತಿದೆ. ಗಂಡನ ಮುಂದೆ ಮುದ್ದೆ ತಂದಿಡುತ್ತಾಳೆ. ಅವನು ಇಟ್ಟಿಗೆ ಎಣಿಸುವುದರಲ್ಲಿ ಮುಳುಗಿದ್ದಾನೆ. ಅವಳು ನಿಂತು ಕಾಯುತ್ತಾಳೆ. ತೆರೆಯ ತುಂಬ ಅವಳ ಮುಖ. ಮಾತಿಲ್ಲ, ಅಳುವಿಲ್ಲ. ಅವನು ತಲೆ ಎತ್ತಬಹುದು ಎಂಬ ಆಸೆ ಆ ಕಣ್ಣುಗಳಲ್ಲಿ ನಿಧಾನವಾಗಿ ಆರುತ್ತದೆ. ತಟ್ಟೆಯ ಮೇಲೆ ತಟ್ಟೆ ಮುಚ್ಚಿಟ್ಟು ಹೊರಟುಹೋಗುತ್ತಾಳೆ.

ಥಿಯೇಟರಿನ ಗದ್ದಲ ನಿಂತುಹೋಯಿತು. ಹಿಂದಿನ ಸಾಲಿನಿಂದ ವಠಾರದ ಭಾರತಮ್ಮ ಅವನ ಭುಜ ತಿವಿದರು. "ಸಾರ್, ನೋಡಿದ್ರಾ? ಎಟ್ಲುಂದಿ, ಹೆಂಗಿದೆ?"

"ಶ್! ನೋಡ್ತಿದೀನಿ ಇರ್ರಿ," ಎಂದು ಕದಿರೇಶ ಗದರಿದ. ಸುತ್ತಲಿನವರೆಲ್ಲ ತನ್ನ ಕಡೆಗೇ ತಿರುಗಿದ್ದು ಅವನಿಗೆ ಗೊತ್ತಾಯಿತು. ಒಳ್ಳೆಯದು, ವಿಮರ್ಶಕನ ಅಭಿಪ್ರಾಯಕ್ಕೆ ಜನ ಕಾಯುತ್ತಿದ್ದಾರೆ! ಯಾರಿಗೂ ಕಾಣದ ಹಾಗೆ ಕಣ್ಣೊರೆಸಿಕೊಂಡ. ಗಡ್ಡದ ಮೇಷ್ಟ್ರು ಹೇಳಿದ ನಿಜ ಸಿಕ್ಕಿಬಿಟ್ಟಿತ್ತು. ಆ ಹೆಂಗಸಿನ ಹೆಸರು ತಿಳಿಯೋಣವೆಂದು ಕೊನೆಯವರೆಗೂ ಕಾದ. ಹೆಸರುಗಳು ಬರುವಷ್ಟರಲ್ಲಿ ಗೇಟಿನವರು ಬಾಗಿಲು ತೆರೆದು, ಬಿಸಿಲು ನುಗ್ಗಿ ತೆರೆ ಬಿಳಿಚಿಕೊಂಡಿತು.

ಮನೆಗೆ ಬಂದವನೇ ಬರೆಯಲು ಕೂತ. ಅಷ್ಟು ಚೆನ್ನಾಗಿ ಅವನು ಹಿಂದೆಂದೂ ಬರೆದಿರಲಿಲ್ಲ. ಕೂಲಿಯವರ ಕತೆ ಹೇಳಲು ಹೊರಟ ಸಿನಿಮಾ ಮಾಲೀಕರ ಅಳಿಯನ ಕತೆಯಾಗಿ ಹೇಗೆ ಎಡವಿತು ಎಂದು ವಿವರಿಸಿದ. ಶಿವಾರಪಟ್ಟಣದಂಥ ಶಿಲ್ಪಿಗಳ ಊರನ್ನು ಪಕ್ಕದಲ್ಲೇ ಇಟ್ಟುಕೊಂಡು ಥರ್ಮಾಕೋಲ್ ದೇವರನ್ನು ತರುವ ದರಿದ್ರವೇಕೆ ಎಂದು ಕೇಳಿದ. ವೆಂಕಟ್ ಬಗ್ಗೆ, "ಇವರು ಬೀಳಿಸಿದ ಗೋಡೆಗಳೇ ಇವರಿಗಿಂತ ಚೆನ್ನಾಗಿ ನಟಿಸಿವೆ," ಎಂದು ಬರೆದು, ಗಟ್ಟಿಯಾಗಿ ಓದಿಕೊಂಡು ಒಬ್ಬನೇ ನಕ್ಕ.

ಆಮೇಲೆ ಕೊನೆಯ ಪ್ಯಾರಾಕ್ಕೆ ಬಂದ.

"ಮನೆ ಹಾಳಾಗ, ಅಷ್ಟು ಜನ ಮಾಡಿದಾರೆ, ಒಬ್ರೂ ಚೆನ್ನಾಗ್ ಮಾಡಿಲ್ವಾ?" ಎಂದಳು ಗಂಗಾಲಕ್ಷ್ಮಿ, ಅಡುಗೆಮನೆಯ ಬಾಗಿಲಿಂದ.

"ಸುಮ್ನಿರೇ. ಮುಖ್ಯವಾದ ಜಾಗದಲ್ಲಿದೀನಿ."

ಅವನು ಬರೆದ: "ಈ ಇಡೀ ಚಿತ್ರದಲ್ಲಿ ಒಂದೇ ಒಂದು ನಿಜವಾದ ಮುಖವಿದೆ. ಅದು ಮುದ್ದೆ ತಂದಿಟ್ಟು ಕಾಯುವ ಹೆಂಗಸಿನದು. ಈಕೆ ಯಾರು, ಯಾವ ಊರಿನವಳು, ನನಗೆ ಗೊತ್ತಿಲ್ಲ. ಆದರೆ ಹೀಗೆ ಕಾಯುವುದನ್ನು ಯಾವ ನಿರ್ದೇಶಕನೂ ಕಲಿಸಲಾರ. ಈಕೆ ಅದನ್ನು ತನ್ನ ಮನೆಯಲ್ಲಿ, ವರ್ಷಗಟ್ಟಲೆ ಕಲಿತಿರಬೇಕು. ಈಕೆಯ ಗಂಡ ಯಾರೋ ಏನೋ, ಆ ಮನುಷ್ಯನ ಮೇಲೆ ನನಗೆ ಸಿಟ್ಟು ಬಂತು."

ಫೋನಿನಲ್ಲೇ ಕಳಿಸಿದ. ಸಂಪಾದಕ ಅನಿಲ್‌ಕುಮಾರ್ ತಕ್ಷಣ ಫೋನ್ ಮಾಡಿದರು. "ಕದಿರೇಶ್, ಇದನ್ನ ಹಾಗೇ ಹಾಕ್ಲಾ? ಕೊನೇ ಪ್ಯಾರಾನೂ?"

"ಒಂದಕ್ಷರ ಮುಟ್ಬೇಡಿ ಸಾರ್. ಪ್ರಾಣಾನೇ ಅದು."

"ನಿಮ್ಮಿಷ್ಟಪ್ಪಾ. ಧೈರ್ಯ ಇದೆ ನಿಮಗೆ," ಎಂದು ಅವರು ಸಂಜೆಗೆ ಮುಂಚೆಯೇ ಪತ್ರಿಕೆಯ ವಾಟ್ಸಾಪ್ ಗುಂಪಿಗೆ ಹಾಕಿದರು. ಆ ಗುಂಪಿನಲ್ಲಿ ಅರ್ಧ ಮಾಲೂರೇ ಇತ್ತು.

ಸಂಜೆ ಕದಿರೇಶ ಇಸ್ತ್ರಿ ಶರಟು ಹಾಕಿ, ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು ಪೀರ್ ಸಾಬ್ ಅಂಗಡಿಗೆ ಹೊರಟ. ಒದೆ ಬಿದ್ದರೂ ಪರವಾಗಿಲ್ಲ, ಹಾರ ಬಿದ್ದರೂ ಪರವಾಗಿಲ್ಲ ಎಂಬ ಲೆಕ್ಕಾಚಾರದಲ್ಲಿದ್ದ. ಅಂಗಡಿಯ ಬೆಂಚಿನ ಮೇಲೆ ಕೋದಂಡರಾಮಪ್ಪನವರೇ ಕೂತಿದ್ದರು. ಪಕ್ಕದಲ್ಲಿ ಆಂಜಿ.

"ಬಾರಯ್ಯಾ ನಿಷ್ಠುರವಾದಿ," ಎಂದರು ಕೋದಂಡರಾಮಪ್ಪ. "ಅಳಿಯನ್ನ ಬೈದೆ, ಸಹಿಸ್ಕೊಂಡೆ. ಥರ್ಮಾಕೋಲ್ ಅಂದೆ, ಅದೂ ನಿಜಾನೇ ಬಿಡು. ಆದ್ರೆ ಇಡೀ ಊರೇ ಮಾಡಿರೋ ಸಿನಿಮಾದಲ್ಲಿ ನಿಂಗೆ ನಿನ್ ಹೆಂಡ್ತಿ ಒಬ್ಳೇ ಕಂಡ್ಳಾ?"

"ಯಾರ ಹೆಂಡ್ತಿ ಸಾರ್?"

ಅಂಗಡಿ ಬೆಳಿಗ್ಗೆಗಿಂತ ಜೋರಾಗಿ ನಕ್ಕಿತು. ಆಂಜಿಗೆ ಕಣ್ಣಲ್ಲಿ ನೀರು ಬಂತು. "ನೋಡ್ರಪ್ಪಾ ಆ್ಯಕ್ಟಿಂಗು! ಹೆಂಡ್ತಿಗಿಂತ ಇವನೇ ಮೇಲು! ‘ಯಾರು, ಯಾವ ಊರಿನವಳು, ಗೊತ್ತಿಲ್ಲ’ ಅಂತೆ. ಏನ್ ನಾಟಕ ಕಣ್ಲಾ ನಿಂದು! ಯಾರ ಮುಖಾನೂ ನೋಡಲ್ಲ ಅಂದ್ಬಿಟ್ಟು ಹೆಂಡ್ತಿ ಮುಖ ನೋಡಿ ಬರ್ದಿದೀಯಲ್ಲೋ."

ಪೀರ್ ಸಾಬ್ ತಮ್ಮ ಫೋನನ್ನು ಅವನ ಮುಂದೆ ಹಿಡಿದರು. ಶೂಟಿಂಗ್‌ನಲ್ಲಿ ಯಾರೋ ತೆಗೆದ ಫೋಟೋ. ಅದೇ ಸೆರಗು, ಅದೇ ಕೆಮ್ಮಣ್ಣು. ಥಿಯೇಟರಿನ ಗೋಡೆಯಗಲ ಕಂಡಾಗ ಗುರುತು ಸಿಗದ ಗಂಗಾಲಕ್ಷ್ಮಿ ಅಂಗೈಯಗಲದ ಗಾಜಿನಲ್ಲಿ ಸಿಕ್ಕಿದಳು. "ಮಾಸ್ತಿ ಹತ್ರ ಶೂಟಿಂಗು ನಡೀತಲ್ಲ ಅಣ್ಣಾ, ಭಾಭಿ ತೌರಿಗೆ ಹೋದಾಗ. ನಿಮಗೆ ಗೊತ್ತಿರ್ಲಿಲ್ವಾ?" ಎಂದು ಅವರು ಮೆಲ್ಲಗೆ ಕೇಳಿದರು.

ಎಲ್ಲರೂ ಉತ್ತರಕ್ಕೆ ಕಾದರು. ಗೊತ್ತಿದ್ದೇ ಬರೆದೆ ಎಂದರೆ ವಿಮರ್ಶಕನ ಮಾನ ಹೋಯಿತು. ಗೊತ್ತಿರಲಿಲ್ಲ ಎಂದರೆ ಗಂಡನ ಮಾನ ಹೋಯಿತು. ಹದಿನಾರು ವರ್ಷ ಒಂದೇ ಸೂರಿನಡಿ ಬಾಳಿದ ಹೆಂಡತಿಯ ಮುಖ ಗೊತ್ತಾಗಲಿಲ್ಲವೆಂದು ಈ ಬೆಂಚಿನ ಮುಂದೆ ಹೇಳುವುದಾದರೂ ಹೇಗೆ? ನಾಚಿಕೆ ಅವನನ್ನು ಕುತ್ತಿಗೆಯವರೆಗೆ ಹೂತುಬಿಟ್ಟಿತು.

"ಗೊತ್ತಿತ್ತು," ಎಂದ. "ಗೊತ್ತಿದ್ದೇ ಬರ್ದೆ." ಅವತ್ತು ಅವನು ಆಡಿದ ಸುಳ್ಳು ಅದೊಂದೇ. ಅದನ್ನು ಎಲ್ಲರೂ ನಂಬಿದರು.

"ಹಾಗಾದ್ರೆ ಪೆನ್ ಕೊಡು ಇಲ್ಲಿ. ಇನ್ಮೇಲೆ ಹಿಡಿಯಲ್ಲ ಅಂದಿದ್ದೆ," ಎಂದು ಆಂಜಿ ಅವನ ಜೇಬಿನಿಂದ ಪೆನ್ನು ಕಿತ್ತುಕೊಂಡು ತನ್ನ ಕಿವಿಯ ಮೇಲೆ ಸಿಕ್ಕಿಸಿಕೊಂಡ.

ದಾರಿಯುದ್ದಕ್ಕೂ ಕದಿರೇಶ ಒಂದೇ ಒಂದು ಆಸೆಯನ್ನು ಹಿಡಿದುಕೊಂಡು ನಡೆದ. ಊರ ಮುಂದೆ ಮಾನ ಹೋದರೆ ಹೋಗಲಿ, ಅದೇ ಸುಳ್ಳನ್ನು ಮನೆಯಲ್ಲೂ ಹೇಳಿದರಾಯಿತು. ಅವಳಾದರೂ ಸಂತೋಷಪಡುತ್ತಾಳೆ.

ಗಂಗಾಲಕ್ಷ್ಮಿ ಅವನಿಗೆ ಬೆನ್ನು ಮಾಡಿ ಬಟ್ಟೆ ಮಡಚುತ್ತಿದ್ದಳು. ಪಕ್ಕದಲ್ಲಿ ಫೋನು, ಅದರಲ್ಲಿ ಅವನ ವಿಮರ್ಶೆ.

"ಗಂಗಾ, ಓದಿದ್ಯಾ? ನೀನೇ ಅಂತ ನಂಗೆ ನೋಡಿದ್ ಕೂಡ್ಲೇ..."

"ಬೇಡ ಬಿಡಿ," ಎಂದಳು ಅವಳು, ಕೋಪವಿಲ್ಲದೆ. "ಭಾರತಮ್ಮನೋರು, ಅನಿಲ್‌ಕುಮಾರ್ ಸಾರು, ಎಲ್ಲಾ ಫೋನ್ ಮಾಡಿದ್ರು. ನಿಮ್ಮೆಜಮಾನ್ರು ಗೊತ್ತಿದ್ದೂ ಗೊತ್ತಿಲ್ದೋರ ಥರ ಬರ್ದಿದಾರೆ, ಎಷ್ಟು ಪ್ರೀತಿ ನೋಡಿ ಅಂತ ನಕ್ಕರು. ನಾನೂ ನಕ್ಕೆ. ನಂಗೊಬ್ಳಿಗೇ ಗೊತ್ತು ರೀ, ನೀವು ಬರ್ದಿರೋದು ಅಷ್ಟೂ ನಿಜ ಅಂತ."

ಕದಿರೇಶ ಆ ಫೋನನ್ನು ಎತ್ತಿ, ನೋಡದೆ ಮತ್ತೆ ಕೆಳಗಿಟ್ಟ. ಕೊನೆಗೆ, "ನೀನಾದ್ರೂ ಒಂದ್ ಮಾತು ಹೇಳ್ಬಾರ್ದಾಗಿತ್ತಾ?" ಎಂದ.

"ಸಿನಿಮಾದಲ್ಲಿ ಕರೀತಿದಾರೆ, ಮಾಡ್ಲಾ ಅಂತ ಕೇಳ್ದೆ. ಹೂಂ ಅಂದ್ರಿ. ತಲೆಗೆ ಬಿಳಿ ಬಣ್ಣ ಹಚ್ತಾರಂತೆ, ಪರ್ವಾಗಿಲ್ವಾ ಅಂದೆ. ಅದಕ್ಕೂ ಹೂಂ ಅಂದ್ರಿ. ಇವತ್ ಬೆಳಿಗ್ಗೆ ಇನ್ನೊಂದ್ ಸಲ ಹೇಳೋಣ ಅಂತ ನಿಂತೆ." ಅವಳು ಮಡಚಿದ ಸೀರೆಯನ್ನು ಚೀಲಕ್ಕಿಟ್ಟಳು. "ಭಾಗ ಎರಡಕ್ಕೂ ಕರ್ದಿದಾರೆ. ನೀವು ಅಷ್ಟು ಹೊಗಳಿದೀರಂತ ಸಾಹುಕಾರ್ರು ಪಾತ್ರ ದೊಡ್ಡದು ಮಾಡ್ಸಿದಾರೆ. ನಾಳೆಯಿಂದ್ಲೇ ಶೂಟಿಂಗು, ತಿಂಡಿ ನೀವೇ ಮಾಡ್ಕೋಬೇಕು."

ಕದಿರೇಶ ಗೋಡೆಗೊರಗಿ ನಿಂತ. ಮದುವೆಯಾದ ಹೊಸತರಲ್ಲಿ ಆ ಮುಖ ಹೇಗಿತ್ತು ಎಂದು ನೆನಪಿಸಿಕೊಳ್ಳಲು ನೋಡಿದ. ಕೆಮ್ಮಣ್ಣು ಮೆತ್ತಿದ ಮುಖವೇ ಮತ್ತೆ ಮತ್ತೆ ಬಂತು.

"ಗಂಗಾ, ಒಂದ್ನಿಮಿಷ ಈ ಕಡೆ ತಿರುಗೇ."

"ಯಾಕೆ?"

"ಮುಖ ನೋಡ್ಬೇಕು."

ಅವಳು ತಿರುಗಲಿಲ್ಲ. ಚೀಲದ ಜಿಪ್ ಎಳೆದು, ದೀಪ ಆರಿಸಲು ಕೈ ಚಾಚುತ್ತ ಹೇಳಿದಳು: "ನಾಳೆ ಬೆಳಿಗ್ಗೆ ಆಟ ಇದೆ ರೀ. ಟಿಕೆಟ್ ತಗೊಂಡ್ ನೋಡಿ."