ಮೂಗು ಸಾಹೇಬರ ಹತ್ತನೇ ಕಲಂ

ಗುತ್ತಿಗೆದಾರ: ಇದೆಯೋ ಇಲ್ವೋ, ಒಂದು ಮಾತು ಹೇಳಿಬಿಡಿ ಸಾರ್! ಅರ್ಧ ಗಂಟೆಯಿಂದ ಬೇಲಿ ಹಿಡ್ಕೊಂಡು ನಿಂತಿದೀರಿ.

ಸಾಹೇಬರು: ಅದನ್ನ ನೀವೇ ಹೇಳ್ರೀ. ಗುಂಡಿ ನಿಮ್ದು, ಕಸ ನಿಮ್ದು, ಬೇಲಿ ನಿಮ್ದು.

ಗುತ್ತಿಗೆದಾರ: ಮೂಗು ನಿಮ್ದಲ್ವಾ ಸಾರ್? ಫಾರಂನಲ್ಲಿ ಏನಿದೆ? 'ಪರಿಶೀಲಿಸುವ ಅಧಿಕಾರಿಯು ಖುದ್ದು ಮೂಸಿ ನೋಡತಕ್ಕದ್ದು.' ನಾನು ಮೂಸಿ ಹೇಳಿದ್ರೆ, ಪರೀಕ್ಷೆ ಬರೆದವನೇ ಪೇಪರ್ ತಿದ್ದಿದ ಹಾಗಾಗುತ್ತೆ.

ಸಾಹೇಬರು: ಮೂಸ್ತಾ ಇದೀನಲ್ಲ. ಇದೇನು ಗಡಿಬಿಡೀಲಿ ಮುಗಿಸೋ ಕೆಲಸ ಅಂದ್ಕೊಂಡ್ರಾ?

ಊರಿನ ಕಸವನ್ನು ಮುಂದಿನ ಹತ್ತು ವರ್ಷ ಹೂಳುವ ಗುತ್ತಿಗೆ ಯಾರಿಗೆ ಎಂದು ತೀರ್ಮಾನಿಸುವ ಸಮಿತಿ ಅಂದು ಮಧ್ಯಾಹ್ನ ಮೂರಕ್ಕೆ ಸೇರಬೇಕಿತ್ತು. ಅರ್ಜಿ ಹಾಕಿದವರು ಮೂವರು. ಅವರವರು ಈಗಾಗಲೇ ನಡೆಸುತ್ತಿರುವ ಕಸದ ಗುಂಡಿಗೆ ಹೋಗಿ, ಹತ್ತು ಕಲಮಿನ ಫಾರಂ ತುಂಬಿ ತರುವುದು ಸಾಹೇಬರ ಕೆಲಸ. ಒಂಬತ್ತು ಕಲಮುಗಳ ತಕರಾರೇನೂ ಇರಲಿಲ್ಲ. ಅನುಭವದ ಪತ್ರ, ಲಾರಿ ತೂಗುವ ಯಂತ್ರ, ಗುಂಡಿಗೂ ಕೊಳೆನೀರಿನ ಹೊಂಡಕ್ಕೂ ಹಾಸಿದ ದಪ್ಪ ಪ್ಲಾಸ್ಟಿಕ್, ದಿನಾ ಸಂಜೆ ಕಸದ ಮೇಲೆ ಮುಚ್ಚುವ ಮಣ್ಣು, ಇವೆಲ್ಲ ಕಣ್ಣಲ್ಲಿ ನೋಡಿ, ಕೈಯಲ್ಲಿ ಅಳೆದು ಬರೆಯುವಂಥವು. ಹತ್ತನೆಯದೇ ಕಂಟಕ. 'ಬೇಲಿಯ ಬಳಿ ದುರ್ವಾಸನೆ: ಇಲ್ಲ / ಅಲ್ಪ / ತೀವ್ರ.' ಇದಕ್ಕೆಂದೇ ಕಚೇರಿಯವರು ಒಂದು ಯಂತ್ರ ತರಿಸಿದ್ದರು. ಅದು ಬೀರುವಿನಲ್ಲಿ ಭದ್ರವಾಗಿದೆ. ಬೀರುವಿನ ಬೀಗದ ಕೈ ಅದಕ್ಕಿಂತ ಭದ್ರವಾಗಿ ಎಲ್ಲೋ ಇದೆ. ಹಾಗಾಗಿ ಊರಿನ ಹತ್ತು ವರ್ಷದ ಗಾಳಿ ಸಾಹೇಬರೊಬ್ಬರ ಮೂಗನ್ನು ನಂಬಿ ಕೂತಿತ್ತು.

ಆ ಮೂಗೋ, ಎರಡು ವರ್ಷದ ಹಿಂದೆ ಬಂದ ಜ್ವರ ಹೋಗುವಾಗ ಅದರ ಶಕ್ತಿಯನ್ನೂ ಗಂಟುಕಟ್ಟಿಕೊಂಡು ಹೋಗಿತ್ತು. ಅಂದಿನಿಂದ ಹೂವಿಗೂ ಹೊಲಸಿಗೂ ಅದು ಸಮಾನ ಮರ್ಯಾದೆ ಕೊಡುತ್ತಿತ್ತು. ಸಾಹೇಬರು ಇದನ್ನು ಯಾರ ಮುಂದೆಯೂ ಆಡಿರಲಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು. ಹುದ್ದೆ ಹೋಗುತ್ತದೆ, ಹಳೇ ಕಡತಗಳ ಕೋಣೆಗೆ ಎತ್ತಿಹಾಕುತ್ತಾರೆ. ಅದಕ್ಕಿಂತ ಹೆಚ್ಚಿನ ಸಂಕಟ ಬೇರೆಯಿತ್ತು. ಎಂಥ ನಾತದಲ್ಲೂ ಮುಖ ಸಿಂಡರಿಸದ ಅವರನ್ನು ಕಚೇರಿಯವರೆಲ್ಲ ಅಭಿಮಾನದಿಂದ 'ಮೂಗು ಸಾಹೇಬರು' ಎಂದು ಕರೆಯುತ್ತಿದ್ದರು. ಮೂಗು ಹೋದದ್ದನ್ನು ಹೇಗೋ ಸಹಿಸಿಕೊಂಡಿದ್ದರು. ಆ ಹೆಸರು ಹೋಗುವುದನ್ನು ಸಹಿಸುವುದು ಅವರಿಂದಾಗದ ಮಾತು.

ಹಾಗೆಂದು ಅವರು ಕಣ್ಣು ಮುಚ್ಚಿಕೊಂಡು ಫಾರಂ ತುಂಬುತ್ತಿದ್ದರು ಎಂದಲ್ಲ. ಗುಂಡಿ ಯಾವ ದಿಕ್ಕಿನಲ್ಲಿದ್ದರೂ 'ನಿಮ್ಮಕ್ಕನ ಮನೆ ಅದೇ ದಾರೀಲಿದೆ, ಬಾ' ಎಂದು ಹೆಂಡತಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಬರುವರು. ಬೇಲಿಯ ಪಕ್ಕದಲ್ಲೇ ಕಾರು ನಿಲ್ಲಿಸುವರು. ಅವಳು ಕಿಟಕಿಯ ಗಾಜು ಪೂರ್ತಿ ಏರಿಸಿದರೆ 'ತೀವ್ರ', ಅರ್ಧ ಏರಿಸಿದರೆ 'ಅಲ್ಪ', ಇಳಿಸಿಯೇ ಇಟ್ಟರೆ 'ಇಲ್ಲ'. ಹಿಂದಿನ ಇಬ್ಬರು ಅರ್ಜಿದಾರರನ್ನು ಏರಿದ ಗಾಜೇ ಮನೆಗೆ ಕಳಿಸಿತ್ತು. ಉಳಿದವನು ಇವನೊಬ್ಬ. ಇವತ್ತು ಮಾತ್ರ ಆ ಗಾಜಿಗೆ ಏನು ಬಂದಿತ್ತೋ, ಏರುತ್ತಿತ್ತು, ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು.

ಗುತ್ತಿಗೆದಾರ: ಹಿಂದೆ ಹಿಂದೆ ಏನ್ ನೋಡ್ತಿದೀರಿ ಸಾರ್?

ಸಾಹೇಬರು: (ತಟ್ಟನೆ ತಿರುಗಿ) ನನಗೆಲ್ಲ ಗೊತ್ತಾಗ್ತಾ ಇದೆ.

ಗುತ್ತಿಗೆದಾರ: ಎಲ್ಲ ಅಂದ್ರೆ?

ಸಾಹೇಬರು: ಎಲ್ಲ ಅಂದ್ರೆ ಎಲ್ಲ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಪ್ಪತ್ತೆಂಟು ವರ್ಷ ಕಸದಲ್ಲೇ ಬಾಳಿದ ಗುತ್ತಿಗೆದಾರನ ಕೈ ಅಷ್ಟರಲ್ಲಾಗಲೇ ಹೆಗಲ ಹತ್ತಿರ ಬಂದಿತ್ತು.

ಗುತ್ತಿಗೆದಾರ: ಹೋದ ವಾರ ಎರಡು ಸಂಜೆ ಮಣ್ಣು ಮುಚ್ಚಿರ್ಲಿಲ್ಲ ಸಾರ್. ಟ್ರ್ಯಾಕ್ಟರ್ ಕೆಟ್ಟಿತ್ತು. ಮೂರನೇ ಸಂಜೆ ಮೂರರಷ್ಟು ಮುಚ್ಚಿದೀನಿ, ಬೇಕಾದ್ರೆ ಅಗೆದು ನೋಡಿ.

ಸಾಹೇಬರು: (ಬರೆದುಕೊಳ್ಳುತ್ತ) ಹೂಂ. ಆಮೇಲೆ?

ಗುತ್ತಿಗೆದಾರ: ಆಮೇಲೆ... ಆ ಕಾಗೆಗಳು ನಮ್ಮವಲ್ಲ ಸಾರ್. ಪಕ್ಕದ ಹೊಲದವು.

ಸಾಹೇಬರು: ಕಾಗೆ ಸುದ್ದಿ ಬಿಡಿ. ಮುಖ್ಯವಾದದ್ದು ಹೇಳಿ.

ಗುತ್ತಿಗೆದಾರ: ಅದೂ ಗೊತ್ತಾಗಿಹೋಯ್ತಾ! ಮೂಗು ಸಾಹೇಬ್ರು ಅಂತ ಜನ ಸುಮ್ಸುಮ್ನೆ ಅನ್ನಲ್ಲ ಬಿಡಿ. ಹೌದು ಸಾರ್, ಬೆಳಿಗ್ಗೆ ಬೇಲಿ ಉದ್ದಕ್ಕೂ ಸೆಂಟು ಹೊಡೆಸಿದೀನಿ. ಎರಡು ಕ್ಯಾನು. ನೀವು ಬರ್ತೀರಲ್ಲ, ಒಂದು ಮರ್ಯಾದೆಗೆ ಅಂತ.

ಸಾಹೇಬರು ಬೇಲಿಯಿಂದ ಕೈ ತೆಗೆದರು. ಎರಡು ಕ್ಯಾನು ಸೆಂಟಿನ ನಡುವೆ ಅರ್ಧ ಗಂಟೆ ನಿಂತಿದ್ದೇನಲ್ಲ! ಆದರೂ ಮುಖ ಮಾತ್ರ ಅಲ್ಲಾಡಲಿಲ್ಲ.

ಸಾಹೇಬರು: ಕಾರಿಳಿದಾಗಲೇ ಗೊತ್ತಾಯ್ತು ಕಣ್ರೀ. ಗುಲಾಬಿ ಸೆಂಟಿಗೆಲ್ಲ ಮೋಸ ಹೋಗೋ ಮೂಗಲ್ಲ ಇದು.

ಗುತ್ತಿಗೆದಾರ: ಗುಲಾಬಿನಾ?

ಸಾಹೇಬರು: ಅಪ್ಪಟ ಗುಲಾಬಿ.

ಗುತ್ತಿಗೆದಾರ: ಅವನ ಮನೆ ಹಾಳಾಗ! ಮಲ್ಲಿಗೆ ಬೇಕು, ಮಲ್ಲಿಗೆ ಬೇಕು ಅಂತ ಹೇಳಿ ತಂದಿದ್ದು. ಅಂಗಡಿಯವನು ಗುಲಾಬಿ ಕೊಟ್ಟು ಟೋಪಿ ಹಾಕಿದ್ನಲ್ಲ ಸಾರ್!

ಸಾಹೇಬರು ಅಂಗಡಿಯವನ ಅನ್ಯಾಯಕ್ಕೆ ತಲೆದೂಗಿದರು. ಎರಡನೇ ಸಲ ತೂಗುವಷ್ಟರಲ್ಲಿ ಏನೋ ಹೊಳೆದು ತಲೆ ಅರ್ಧದಲ್ಲೇ ನಿಂತಿತು.

ಸಾಹೇಬರು: ಒಂದು ನಿಮಿಷ. ಸೆಂಟು ಹೊಡೆಸೋವಾಗ ನೀವು ಎಲ್ಲಿದ್ರಿ?

ಗುತ್ತಿಗೆದಾರ: ಇಲ್ಲೇ. ಮುಂದೆ ನಿಂತು ನಾನೇ ಹೊಡೆಸಿದ್ದು. ಅಂಗಿಯೆಲ್ಲ ತೊಯ್ದುಹೋಯ್ತು.

ಸಾಹೇಬರು: ಅಂಗಿ ತೊಯ್ದಿದೆ. ಆದ್ರೂ ಅದು ಮಲ್ಲಿಗೆಯೋ ಗುಲಾಬಿಯೋ ಅಂತ ನಿಮಗೆ ಗೊತ್ತಾಗ್ಲಿಲ್ಲ?

 ಗುತ್ತಿಗೆದಾರ ಸರಸರನೆ ಕಾವಲುಗಾರನ ಗೂಡಿನ ಹಿಂದೆ ಹೋಗಿ ಒಂದು ಖಾಲಿ ಕ್ಯಾನು ಹಿಡಿದುಕೊಂಡು ಬಂದ. ಬರುವಾಗಲೇ ಅದರ ಮೇಲಿನ ಅಕ್ಷರ ಓದುತ್ತಿದ್ದ, ಓದುತ್ತ ಓದುತ್ತ ನಡಿಗೆ ನಿಧಾನವಾಯಿತು.

ಗುತ್ತಿಗೆದಾರ: ಸಾರ್, ಇದರ ಮೇಲೆ ಏನಿದೆ, ಸ್ವಲ್ಪ ಓದಿ.

ಸಾಹೇಬರು: ಮ... ಮಲ್ಲಿಗೆ.

ಗುತ್ತಿಗೆದಾರ: ಕಂಪನಿ ಸೀಲೂ ಇದೆ. ಅಂಗಡಿಯವನು ಸತ್ಯವಂತ. ನಿಮ್ಮ ಗುಲಾಬಿ ಎಲ್ಲಿಂದ ಬಂತು ಸಾರ್?

ಇಬ್ಬರೂ ಒಬ್ಬರ ಮೂಗನ್ನೊಬ್ಬರು ನೋಡುತ್ತ ನಿಂತರು.

ಗುತ್ತಿಗೆದಾರ: (ಮೆಲ್ಲಗೆ) ನಿಮಗೂ...?

ಸಾಹೇಬರು: ನಿಮಗೂ...?

ಗುತ್ತಿಗೆದಾರ: ಹನ್ನೊಂದು ವರ್ಷ ಆಯ್ತು ಸಾರ್. ಯಾರಾದ್ರೂ ಬಂದ್ರೆ ಅವರ ಮುಖ ನೋಡಿ ತಿಳ್ಕೋತೀನಿ. ಇವತ್ತು ನಿಮ್ಮ ಮುಖ ನೋಡೀ ನೋಡೀ ಕಣ್ಣು ಸೋತುಹೋಯ್ತು. ಕಲ್ಲಿನ ಹಾಗೆ ಇಟ್ಕೊಂಡಿದೀರಲ್ಲ!

ಸಾಹೇಬರು: ನಾನು ನಿಮ್ಮ ಮುಖ ನೋಡ್ತಿದ್ದೆ ಕಣ್ರೀ! ನನಗೆ ಎರಡು ವರ್ಷ. ಯಾರಿಗೂ ಗೊತ್ತಿಲ್ಲ. ಮನೆಯವಳಿಗೂ ಹೇಳಿಲ್ಲ.

ಹೇಳಿ ಮುಗಿಸಿದಾಗ ಸಾಹೇಬರಿಗೆ ಅಳುವಷ್ಟು ಹಗುರವಾಯಿತು. ಎರಡು ವರ್ಷ ಹೊತ್ತ ಗುಟ್ಟನ್ನು ಕೊನೆಗೆ ಕಸದ ಗುಂಡಿಯ ಬೇಲಿಗೆ ಒರಗಿ, ಯಾರನ್ನು ಪರೀಕ್ಷಿಸಬೇಕೋ ಅವನ ಮುಂದೆಯೇ ಇಳಿಸಿದ್ದರು.

ಗುತ್ತಿಗೆದಾರ: ಮನೇಲಿ ಹೇಗೆ ಸಂಭಾಳಿಸ್ತೀರಿ?

ಸಾಹೇಬರು: ಬಾಗಿಲು ದಾಟ್ತಿದ್ದ ಹಾಗೇ 'ಆಹಾ, ಏನು ಘಮ!' ಅಂತೀನಿ. ಅವಳು ಏನೇ ಮಾಡಿದ್ರೂ ಅದೇ ಮಾತು.

ಗುತ್ತಿಗೆದಾರ: ನೀವು ಪುಣ್ಯವಂತ್ರು. ನಾನು ಹಾಗಂದ ದಿನ ನಮ್ಮನೆಯವಳು ಸೋಪು ಹಾಕಿ ಬಟ್ಟೆ ಕುದಿಸ್ತಿದ್ಲು. ಅದಿರ್ಲಿ, ಈಗ ಕೆಲಸ ಸಲೀಸಾಯ್ತಲ್ಲ ಸಾರ್. 'ಇಲ್ಲ' ಅಂತ ಗುರುತು ಹಾಕಿಬಿಡಿ. ನಿಮಗೂ ವಾಸನೆ ಇಲ್ಲ, ನನಗೂ ವಾಸನೆ ಇಲ್ಲ. ಇದರಲ್ಲಿ ಸುಳ್ಳು ಎಲ್ಲಿ ಬಂತು?

ಗಂಟೆ ಹನ್ನೆರಡು ದಾಟಿತ್ತು. ಗಾಜನ್ನು ನಂಬುವ ಹಾಗಿರಲಿಲ್ಲ, ಗುತ್ತಿಗೆದಾರನ ಮಾತಿನಲ್ಲಿ ತಪ್ಪು ಹುಡುಕುವುದೂ ಕಷ್ಟವಾಗಿತ್ತು. ಸಾಹೇಬರ ಪೆನ್ನು 'ಇಲ್ಲ' ಎಂಬಲ್ಲಿಗೆ ಇಳಿಯುತ್ತ ಬಂತು. ಅಷ್ಟರಲ್ಲಿ ಬೆನ್ನ ಹಿಂದಿನಿಂದ ಒಂದು ದನಿ ಕೇಳಿತು.

ಹೆಂಡತಿ: ನಿಮ್ಮಿಬ್ಬರಿಗೂ ಇಲ್ಲ, ಸರಿ. ಊರಿನವರಿಗೆಲ್ಲ ಮೂಗಿದೆಯಲ್ಲ?

ಸಾಹೇಬರು: ನೀ... ನೀನು ಯಾವಾಗ ಬಂದೆ?

ಹೆಂಡತಿ: ಮಲ್ಲಿಗೆ ಗುಲಾಬಿ ಆಗ್ತಿತ್ತಲ್ಲ, ಆವಾಗ.

ಸಾಹೇಬರು: ನೋಡು, ನಿನಗೆ ಹೇಳೋಣ ಅಂತಲೇ ಇದ್ದೆ...

ಹೆಂಡತಿ: ಎರಡು ವರ್ಷದಿಂದ ಹೇಳೋಣ ಅಂತಲೇ ಇದೀರಿ. ಹೋದ ವರ್ಷ ಹಾಲಿನ ಪಾತ್ರೆ ಸುಟ್ಟು ಕರಿಕಲಾಯ್ತು. ಅಕ್ಕಪಕ್ಕದವರು ಬೆಂಕಿ ಬಿತ್ತು ಅಂತ ಕೊಡ ಹಿಡ್ಕೊಂಡು ಓಡಿ ಬಂದ್ರು. ನೀವು ಪೇಪರಿಂದ ತಲೆ ಎತ್ತಿ ಏನಂದ್ರಿ?

ಸಾಹೇಬರು: (ನೆಲ ನೋಡುತ್ತ) 'ಆಹಾ, ಏನು ಘಮ.'

ಹೆಂಡತಿ: ಅವತ್ತೇ ಗೊತ್ತಾಯ್ತು.

ಸಾಹೇಬರು: ಹಾಗಾದ್ರೆ ಈ ಕಾರಿನ ಗಾಜು?

ಹೆಂಡತಿ: ನಮ್ಮಕ್ಕನ ಮನೆ ಊರಿನ ನಾಲ್ಕು ದಿಕ್ಕಿಗೂ ಇದೆಯೇನ್ರೀ? ನೀವು ಕದ್ದು ಕದ್ದು ಗಾಜು ನೋಡೋದು ನನಗೆ ಕಾಣ್ತಿರ್ಲಿಲ್ವಾ? ಮೊದಮೊದಲು ನಾತ ತಡೀಲಾರ್ದೆ ಏರಿಸ್ತಿದ್ದೆ. ಆಮೇಲೆ ನಿಮಗೋಸ್ಕರ ಏರಿಸ್ತಿದ್ದೆ.

ಗುತ್ತಿಗೆದಾರ: ಅಂದ್ರೆ ಊರಿನ ಪರಿಶೀಲನೆ ಎಲ್ಲ ಈ ತಾಯಿ ಕಾರಲ್ಲಿ ಕೂತೇ ಮಾಡಿದ್ದಾ!

ಹೆಂಡತಿ: ಹಿಂದಿನ ಇಬ್ಬರ ಗುಂಡಿ ನಿಜವಾಗ್ಲೂ ಗಬ್ಬು ನಾರ್ತಿತ್ತು. ಅದರಲ್ಲಿ ಮೋಸ ಇಲ್ಲ.

ಸಾಹೇಬರು: ಮತ್ತೆ ಇವತ್ತು ಯಾಕೆ ಹಾಗೆ ಏರಿಸಿ, ಇಳಿಸಿ, ಏರಿಸಿ...

ಹೆಂಡತಿ: ಬೇಕಂತಲೇ ಮಾಡಿದೆ. ಎಷ್ಟು ದಿನ ಅಂತ ಗಾಜಿನ ಹತ್ರ ಮಾತಾಡ್ತೀರಿ? ಒಂದು ಸಲ ನನ್ನನ್ನ ಬಾಯಿಬಿಟ್ಟು ಕೇಳ್ಲಿ ಅಂತ ಮಾಡಿದೆ.

ಸಾಹೇಬರಿಗೆ ನಾಚಿಕೆಯಾಯಿತು. ಅದರ ಹಿಂದೆಯೇ ಹೆಂಡತಿಯ ಮೇಲೆ ಇದ್ದಕ್ಕಿದ್ದಂತೆ ಅಕ್ಕರೆ ಉಕ್ಕಿತು. ಆದರೆ ಗುತ್ತಿಗೆದಾರ ಎದುರಿಗಿದ್ದ.

ಸಾಹೇಬರು: (ತಗ್ಗಿದ ದನಿಯಲ್ಲಿ) ಸರಿ, ಈಗ ಕೇಳ್ತೀನಿ. ಇಲ್ಲಿ ವಾಸನೆ ಇದೆಯೇನೇ?

ಅವಳು ಬೇಲಿಯ ಉದ್ದಕ್ಕೂ ನಡೆದಳು. ಅಧಿಕಾರಿ, ಗುತ್ತಿಗೆದಾರ ಎಂಬ ಭೇದವಿಲ್ಲದೆ ಇಬ್ಬರೂ ಗಂಡಸರು ಹಿಂಬಾಲಿಸಿದರು.

ಹೆಂಡತಿ: ಇಲ್ಲಿ ಬರೀ ಮಲ್ಲಿಗೆ. ತಲೆನೋವು ಬರೋಷ್ಟು ಮಲ್ಲಿಗೆ.

ಗುತ್ತಿಗೆದಾರ: ಬರ್ಕೊಳ್ಳಿ ಸಾರ್!

ಹೆಂಡತಿ: ಇಲ್ಲಿ ಹಸಿ ಮಣ್ಣು. ಪರವಾಗಿಲ್ಲ, ಚೆನ್ನಾಗಿ ಮುಚ್ಚಿದಾರೆ.

ಗುತ್ತಿಗೆದಾರ: ನಾನು ಹೇಳ್ಲಿಲ್ವಾ, ಮೂರರಷ್ಟು ಅಂತ!

ಕೊಳೆನೀರಿನ ಹೊಂಡದ ಹಿಂದೆ ಒಂದು ಮರವಿತ್ತು. ಅದರ ನೆರಳಿಗೆ ಕಾಲಿಡುತ್ತಿದ್ದಂತೆ ಅವಳು ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು ಎರಡು ಹೆಜ್ಜೆ ಹಿಂದೆ ಬಂದಳು.

ಹೆಂಡತಿ: ಅಯ್ಯಯ್ಯೋ! ಇಲ್ಲಿ, ಈ ಮೂಲೇಲಿ! ಹೊಟ್ಟೆ ತೊಳಸುತ್ತೆ!

ಗುತ್ತಿಗೆದಾರ ಬಗ್ಗಿ ಕಳೆ ಸರಿಸಿದ. ಹೊಂಡದ ಪ್ಲಾಸ್ಟಿಕ್ ಅಂಚು ಒಂದು ಮೊಳ ಹರಿದಿತ್ತು. ಕಪ್ಪು ನೀರು ಸದ್ದಿಲ್ಲದೆ ಹೊರಗೆ ಜಿನುಗುತ್ತಿತ್ತು.

ಗುತ್ತಿಗೆದಾರ: ಹರಿದುಹೋಗಿದೆ ಸಾರ್! ಇಪ್ಪತ್ತು ಜನ ಕೆಲಸದವರಿದಾರೆ, ಒಬ್ಬನಾದ್ರೂ ಹೇಳ್ಬಾರ್ದಾ? ನಾನು ದಿನಾ ಇಲ್ಲೇ ನೆರಳಲ್ಲಿ ಕೂತು ಊಟ ಮಾಡ್ತೀನಿ!

ಹೆಂಡತಿ: ಅದಕ್ಕೇ ಹೇಳಿಲ್ಲ. ಯಜಮಾನ್ರೇ ಇಲ್ಲಿ ಕೂತು ಚಪ್ಪರಿಸ್ಕೊಂಡು ಊಟ ಮಾಡ್ತಿದ್ರೆ, ಪಾಪ ಅವರೇನು ಹೇಳ್ತಾರೆ? (ಗಂಡನ ಕೈಯಲ್ಲಿದ್ದ ಫಾರಂ ನೋಡಿ) ಹೊಂಡದ ಪ್ಲಾಸ್ಟಿಕ್ ಸರಿಯಾಗಿದೆ ಅಂತ ನೀವು ಆಗಲೇ ಗುರುತು ಹಾಕಿದ್ರಲ್ಲ, ಜ್ವರದ ಜೊತೆ ಕಣ್ಣೂ ಹೋಯ್ತಾ?

ಸಾಹೇಬರು ಹಾಕಿದ್ದ ಗುರುತನ್ನು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿದರು. ಆಮೇಲೆ ಹತ್ತನೇ ಕಲಮಿಗೆ ಬಂದು ಬಹಳ ಹೊತ್ತು ಬರೆದರು. ಬರೆದು ಮುಗಿಸಿ ಗಟ್ಟಿಯಾಗಿ ಓದಿದರು.

ಸಾಹೇಬರು: 'ತೀವ್ರ. ಕೊಳೆನೀರಿನ ಹೊಂಡದ ಮೂಲೆ. ಹದಿನೈದು ದಿನದೊಳಗೆ ಸರಿಪಡಿಸಿದಲ್ಲಿ ಮತ್ತೊಮ್ಮೆ ಪರಿಶೀಲಿಸಬಹುದು. ದುರ್ವಾಸನೆಯನ್ನು ಪತ್ತೆ ಮಾಡಿದವರು ನನ್ನ ಹೆಂಡತಿ. ನನಗೆ ಎರಡು ವರ್ಷದಿಂದ ವಾಸನೆ ತಿಳಿಯುವುದಿಲ್ಲ.'

ಹೆಂಡತಿ: ಕೊನೇ ಸಾಲು... ಮೂರು ಗಂಟೆಗೆ ಎಲ್ಲರ ಮುಂದೆ ಓದ್ತೀರಾ?

ಸಾಹೇಬರು: ಓದ್ತೀನಿ. ಕಡತದ ಕೋಣೆಗೆ ಹಾಕಿದ್ರೆ ಹಾಕ್ಲಿ. ಅಲ್ಲಿ ಮುಗ್ಗು ವಾಸನೆಗೆ ಯಾರೂ ಎರಡು ತಿಂಗಳು ನಿಲ್ಲಲ್ವಂತೆ. ನನಗೇನು?

ಹೆಂಡತಿ ನಕ್ಕಳು. ಗುತ್ತಿಗೆದಾರನಿಗೆ ಮಾತ್ರ ನಗು ಬರಲಿಲ್ಲ. ಅವನು ಹರಿದ ಅಂಚನ್ನೇ ನೋಡುತ್ತಿದ್ದ. ಕೊನೆಗೆ ತಲೆ ಎತ್ತಿದ.

ಗುತ್ತಿಗೆದಾರ: ನಾಳೇನೇ ಹೊಸ ಪ್ಲಾಸ್ಟಿಕ್ ಹಾಕಿಸ್ತೀನಿ ಸಾರ್. ಸರಿಹೋಯ್ತಾ ಅಂತ ನೋಡೋಕೆ ಮಾತ್ರ, ಕೈ ಮುಗೀತೀನಿ, ನೀವು ಬರ್ಬೇಡಿ. ಅಮ್ಮಾವ್ರನ್ನ ಕಳಿಸಿ.

ಹೆಂಡತಿ: ಬರ್ತೀನಿ. ಮಲ್ಲಿಗೆ ಹೊಡೆಸಿದ್ರೆ ಮಾತ್ರ ಗೇಟಿಂದಲೇ ವಾಪಸ್ಸು.

ಊರಿನ ದಾರಿಯಲ್ಲಿ ಗುಂಡಿ ಕಣ್ಮರೆಯಾದ ಮೇಲೆ ಸಾಹೇಬರು ಒಂದು ಮರದ ಕೆಳಗೆ ಕಾರು ನಿಲ್ಲಿಸಿದರು. ಮೂರು ಗಂಟೆಗೆ ಇನ್ನೂ ಸಮಯವಿತ್ತು. ಕಾರಿನ ಗಾಜು ಪೂರ್ತಿ ಇಳಿದಿತ್ತು. ಹೆಂಡತಿ ಹಿಂದಿನ ಸೀಟಿನಿಂದ ಊಟದ ಡಬ್ಬಿ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಸಮಿತಿಯ ಮುಂದೆ ಹೇಗೆ ಶುರುಮಾಡುವುದು ಎಂಬ ಯೋಚನೆಯಲ್ಲಿದ್ದ ಸಾಹೇಬರ ಬಾಯಿಂದ ಎರಡು ವರ್ಷದ ಅಭ್ಯಾಸ ತಾನಾಗಿಯೇ ಹೊರಬಿತ್ತು.

ಸಾಹೇಬರು: ಆಹಾ, ಏನು ಘಮ!

ಹೆಂಡತಿ: ರೀ, ಇನ್ನೂ ಮುಚ್ಚಳ ತೆಗೆದಿಲ್ಲ.